ಹೆಡ್‌ಲೈಟ್ ಮಂಕು, ಬ್ಯಾಟರಿ ಡೌನ್: ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಿದ್ದು

ನನ್ನ ಬೈಕ್ ಓಡುವುದರಲ್ಲಿ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬೆಳಕಿನಲ್ಲಿ. ರಾತ್ರಿ ಹೊತ್ತು ಸ್ಪೀಡು ಇಳಿಸಿದ ಕೂಡಲೇ ಹೆಡ್‌ಲೈಟ್ ಕೆಂಪಗೆ ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದು ಮಿಣುಕಿದಾಗಲೆಲ್ಲ ಹೆಡ್‌ಲೈಟೂ ಮಿಣುಕುತ್ತಿತ್ತು. ಹಾರ್ನ್ ದನಿ ಇಳಿದಿತ್ತು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತ ಸದ್ದು ಬರುತ್ತಿತ್ತೇ ಹೊರತು ಇಂಜಿನ್ ತಿರುಗುತ್ತಿರಲಿಲ್ಲ. ಬ್ಯಾಟರಿ ಹಾಕಿಸಿ ಇನ್ನೂ ಜಾಸ್ತಿ ದಿನ ಆಗಿರಲಿಲ್ಲ.

ಕೇಳಿದವರೆಲ್ಲ ಒಂದೊಂದು ಹೇಳಿದರು. "ಬ್ಯಾಟರಿ ವೀಕು, ಬೇರೆ ಹಾಕಿ" ಅಂತ ಒಬ್ಬರು. "ಕಾಯಿಲ್ ಸುಟ್ಟಿರುತ್ತೆ" ಅಂತ ಇನ್ನೊಬ್ಬರು. "ಸುಮ್ನೆ ಎಲ್‌ಇಡಿ ಬಲ್ಬ್ ಹಾಕಿಬಿಡಿ ಸಾರ್, ಕರೆಂಟ್ ಕಮ್ಮಿ ಎಳೆಯುತ್ತೆ" ಅಂತ ಮತ್ತೊಬ್ಬರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಈ ಮೂರೂ ನಿಜವಾಗಿ ಆಗುವಂಥವೇ. ಆದರೆ ಯಾರೂ ಅಳೆದಿರಲಿಲ್ಲ. ನನ್ನ ಗಾಡಿಯಲ್ಲಿ ಕಾಯಿಲ್ ಬದಲಿಸಬೇಕೆಂದರೆ ಇಂಜಿನ್ ಆಯಿಲ್ ಇಳಿಸಿ, ಸೈಡ್ ಕವರ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಬೇಕು. ಅಷ್ಟು ಕೆಲಸಕ್ಕೆ ಕೈ ಹಾಕುವ ಮೊದಲು ವೋಲ್ಟ್, ಆಂಪಿಯರ್, ಓಮ್ ಅಳೆಯುವ ಒಂದು ಮಲ್ಟಿಮೀಟರ್ ಹಿಡಿದು ಕೂರುವುದು ವಾಸಿ ಅನ್ನಿಸಿತು.

ಕರೆಂಟ್ ಹರಿಯುವ ದಾರಿಯನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಂಜಿನ್ ತಿರುಗಿದಾಗ ಅದರ ಜೊತೆ ಮ್ಯಾಗ್ನೆಟ್ ತಿರುಗುತ್ತದೆ. ಒಳಗಿರುವ ಕಾಯಿಲ್‌ನಲ್ಲಿ, ಅಂದರೆ ಸ್ಟೇಟರ್‌ನಲ್ಲಿ, ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್ ಹುಟ್ಟುತ್ತದೆ. ತುಂಬಾ ಗಾಡಿಗಳಲ್ಲಿ ಇದು ಮೂರು ಹಳದಿ ವೈರಿನಲ್ಲಿ ಹೊರಗೆ ಬರುತ್ತದೆ. ಅಲ್ಲಿಂದ ಆರ್‌ಆರ್ ಯೂನಿಟ್‌ಗೆ, ಅಂದರೆ ರೆಗ್ಯುಲೇಟರ್ ರೆಕ್ಟಿಫೈಯರ್‌ಗೆ ಹೋಗುತ್ತದೆ. ಅದು ಎಸಿಯನ್ನು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಮಾಡಿ, ವೋಲ್ಟೇಜ್ ಮಿತಿ ಮೀರದಂತೆ ಹಿಡಿದು ಬ್ಯಾಟರಿಗೆ ಕಳಿಸುತ್ತದೆ. ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುತ್ತದೆ. ಕೆಲವು ಹಳೆಯ ಮತ್ತು ಸಣ್ಣ ಗಾಡಿಗಳಲ್ಲಿ ಹೆಡ್‌ಲೈಟ್ ನೇರವಾಗಿ ಎಸಿಯಲ್ಲೇ ಉರಿಯುತ್ತದೆ. ಅಂಥ ಗಾಡಿಯಲ್ಲಿ ಸ್ಲೋ ಮಾಡಿದಾಗ ಬೆಳಕು ಇಳಿಯುವುದು ಸಹಜ, ಅದನ್ನು ರಿಪೇರಿ ಮಾಡಲು ಹೊರಡಬೇಡಿ. ಪರೀಕ್ಷೆ ಸುಲಭ. ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ, ಹೆಡ್‌ಲೈಟ್ ಸ್ವಿಚ್ ಹಾಕಿದಾಗ ಉರಿದರೆ ಅದು ಬ್ಯಾಟರಿಯ ಹೆಡ್‌ಲೈಟ್. ನನ್ನದು ಉರಿಯುತ್ತಿತ್ತು.

ಶುರು ಮಾಡಿದ್ದು ಬ್ಯಾಟರಿಯಿಂದಲೇ. ಅರ್ಧ ಖಾಲಿ ಬ್ಯಾಟರಿ ಇಟ್ಟುಕೊಂಡು ಬೇರೆ ಏನು ಅಳೆದರೂ ಆ ಸಂಖ್ಯೆಗೆ ಅರ್ಥ ಇರುವುದಿಲ್ಲ. ಟರ್ಮಿನಲ್ ಬಿಚ್ಚಿ ಉಜ್ಜಿ, ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಆಮೇಲೆ ಕೆಲವು ಗಂಟೆ ಹಾಗೇ ಬಿಟ್ಟೆ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸಂಖ್ಯೆ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬಾರದು. ಬಿಟ್ಟ ಮೇಲೆ 12.7 ವೋಲ್ಟ್ ಇತ್ತು. ಲೆಡ್ ಆಸಿಡ್ ಬ್ಯಾಟರಿಗೆ ಅದು ಪೂರ್ತಿ ಚಾರ್ಜ್. 12.4 ಅಂದರೆ ಸುಮಾರು ಮುಕ್ಕಾಲು, 12ಕ್ಕೆ ಇಳಿದರೆ ಹೆಚ್ಚುಕಡಿಮೆ ಖಾಲಿ. ಮೀಟರ್ ಕಡ್ಡಿಗಳನ್ನು ಹಾಗೇ ಹಿಡಿದುಕೊಂಡು ಸೆಲ್ಫ್ ಒತ್ತಿದೆ. 10.4ಕ್ಕೆ ಇಳಿದು, ಇಂಜಿನ್ ಸ್ಟಾರ್ಟ್ ಆದ ಮೇಲೆ ಮತ್ತೆ ಏರಿತು. ಆ ಹೊತ್ತಿನಲ್ಲಿ ಒಂಬತ್ತೂವರೆಗಿಂತ ಕೆಳಗೆ ಹೋಗಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕಿತ್ತು. ಬ್ಯಾಟರಿ ಚೆನ್ನಾಗಿತ್ತು, ಅದಕ್ಕೆ ಹೊಟ್ಟೆ ತುಂಬಾ ಸಿಗುತ್ತಿರಲಿಲ್ಲ, ಅಷ್ಟೇ.

ಮುಂದಿನದು ಇಂಜಿನ್ ಓಡುವಾಗ ಬ್ಯಾಟರಿಗೆ ಎಷ್ಟು ಸಿಗುತ್ತಿದೆ ಅನ್ನುವುದು. ಹೆಡ್‌ಲೈಟ್ ಹಾಕಿ, ಸ್ಲೋನಲ್ಲಿ 12.6. ಅದಕ್ಕೆ ಗಾಬರಿ ಆಗಬೇಕಿಲ್ಲ, ಇಂಜಿನ್ ನಿಧಾನ ಇದ್ದಾಗ ತುಂಬಾ ಗಾಡಿಗಳ ಕಾಯಿಲ್ ಅಷ್ಟೇ ಕೊಡುವುದು. ಸುಮಾರು 5000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 5000 ಸುತ್ತಿಗೆ, ರೇಸ್ ಮಾಡಿದೆ. 13.8ರಿಂದ 14.5ರ ಒಳಗೆ ಬರಬೇಕಿತ್ತು. ಬಂದದ್ದು 13.0. ಹೆಡ್‌ಲೈಟ್ ಆರಿಸಿ ಅದೇ ರೇಸ್ ಕೊಟ್ಟರೆ 13.6.

ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಚಾರ್ಜ್ ಬರುತ್ತಿದೆ. ಆದರೆ ಕರೆಂಟ್ ಜಾಸ್ತಿ ಹರಿದ ಹಾಗೆಲ್ಲ ವೋಲ್ಟ್ ಕಮ್ಮಿ ಆಗುತ್ತಿದೆ. ಒಂದೋ ಹುಟ್ಟುವ ಕಡೆ ಸಾಲುತ್ತಿಲ್ಲ, ಇಲ್ಲ ಬರುವ ದಾರಿಯಲ್ಲಿ ಸೋರುತ್ತಿದೆ.

ಹುಟ್ಟುವ ಕಡೆ ಮೊದಲು ನೋಡಿದೆ. ಮೂರು ಹಳದಿ ವೈರುಗಳ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್, ಬಿಚ್ಚಿದೆ. ಈ ಕಪ್ಲರ್ ಸುಟ್ಟು ಕರಕಲಾಗುವುದು ತೀರಾ ಸಾಮಾನ್ಯ, ಅದಕ್ಕೇ ಮೊದಲು ಕಣ್ಣಲ್ಲಿ ನೋಡಬೇಕು. ನನ್ನದು ಶುಭ್ರವಾಗಿತ್ತು. ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ 0.2 ಓಮ್ ತೋರಿಸುತ್ತಿತ್ತು. ಅದು ಕಡ್ಡಿಗಳ ವೈರಿನದೇ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಕಳೆದುಬಿಡಬೇಕು. ಕಳೆದ ಮೇಲೆ ಹಳದಿ ವೈರುಗಳ ಮೂರು ಜೋಡಿಯಲ್ಲೂ 0.3 ಬಂತು. ಯಾವ ಹಳದಿಗೂ ಇಂಜಿನ್ ಬಾಡಿಗೂ ಸಂಪರ್ಕ ಇರಲಿಲ್ಲ. ಇದ್ದಿದ್ದರೆ ಕಾಯಿಲ್‌ನ ಇನ್ಸುಲೇಷನ್ ಸುಟ್ಟಿದೆ ಅಂತ ಅರ್ಥ. ಕಪ್ಲರ್ ಬಿಚ್ಚಿಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, 5000ಕ್ಕೆ ರೇಸ್ ಮಾಡಿದೆ. ಮೂರು ಜೋಡಿಯಲ್ಲೂ 60ರ ಆಸುಪಾಸು. ಸರಿಯಾದ ಸಂಖ್ಯೆ ಎಷ್ಟು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನ್ಯುಯಲ್ ನೋಡಬೇಕು. ಆದರೆ ಮೂರೂ ಒಂದಕ್ಕೊಂದು ಸಮ ಇರಬೇಕು ಅನ್ನುವುದು ಎಲ್ಲ ಗಾಡಿಗೂ ಒಂದೇ. ಒಂದು ಮಾತ್ರ ಕಮ್ಮಿ ಬಂದರೆ ಕಾಯಿಲ್ ಹೋಗಿದೆ. ಈ ವೋಲ್ಟೇಜ್ ಶಾಕ್ ಕೊಡುತ್ತದೆ, ಇಂಜಿನ್ ಓಡುವಾಗ ಬರಿಗೈಲಿ ಪಿನ್ ಮುಟ್ಟಬಾರದು.

ಅಂದರೆ ಕಾಯಿಲ್ ಸರಿಯಿದೆ. ಇಂಜಿನ್ ಕವರ್ ಬಿಚ್ಚುವ ಕೆಲಸ ತಪ್ಪಿತು.

ಆರ್‌ಆರ್ ಯೂನಿಟ್‌ನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳನ್ನು ಮೀಟರ್‌ನ ಡಯೋಡ್ ಗುರುತಿನಲ್ಲಿ ಇಟ್ಟು ನೋಡಿದೆ. ಒಂದು ದಿಕ್ಕಿನಲ್ಲಿ 0.5 ವೋಲ್ಟ್ ಸುಮಾರು, ಕಡ್ಡಿ ಅದಲು ಬದಲು ಮಾಡಿದರೆ ಏನೂ ಇಲ್ಲ. ಹಾಗೇ ಇರಬೇಕು. ಈ ಪರೀಕ್ಷೆಯಲ್ಲಿ ಪಾಸಾದ ಯೂನಿಟ್ ಬಿಸಿಯಾದ ಮೇಲೆ ಕೈ ಕೊಡುವುದೂ ಉಂಟು. ಹಾಗಾಗಿ ಇದರ ಮೇಲೆ ಪೂರ್ತಿ ಭಾರ ಹಾಕಲಿಲ್ಲ. ಹಳದಿ ಕಪ್ಲರ್ ವಾಪಸ್ ಹಾಕಿ, ಇಂಜಿನ್ ಓಡುತ್ತಿರುವಾಗ ಯೂನಿಟ್‌ನ ಬಾಯಲ್ಲೇ, ಅದರಿಂದ ಹೊರಡುವ ಕೆಂಪು ಮತ್ತು ಕಪ್ಪು ವೈರುಗಳ ಹಿಂಬದಿಯಿಂದ ಕಡ್ಡಿ ತೂರಿಸಿ ಅಳೆದೆ.

14.2.

ಅದೇ ಹೊತ್ತಿನಲ್ಲಿ ಬ್ಯಾಟರಿ ಮೇಲೆ 13.0. ಒಂದೂವರೆ ಅಡಿ ವೈರಿನಲ್ಲಿ 1.2 ವೋಲ್ಟ್ ಮಾಯ!

ಇಲ್ಲಿಂದ ಮುಂದೆ ಮಾಡಿದ ಪರೀಕ್ಷೆ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು. ಎಲ್ಲರಿಗೂ ಹೇಳಿಕೊಡಬೇಕು ಅನ್ನಿಸುವಂಥದ್ದು. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಯೂನಿಟ್‌ನ ಕೆಂಪು ವೈರಿನ ಮೇಲೆ. ಪ್ಲಸ್‌ಗೂ ಪ್ಲಸ್‌ಗೂ ನಡುವೆ ಅಳೆಯುತ್ತಿದ್ದೀರಿ. ವೈರು ಚೆನ್ನಾಗಿದ್ದರೆ ಸೊನ್ನೆಗೆ ಹತ್ತಿರ ಬರಬೇಕು, ಜಾಸ್ತಿ ಅಂದರೆ 0.2. ನನಗೆ ಬಂದದ್ದು 0.9. ಆಮೇಲೆ ಬ್ಯಾಟರಿಯ ಮೈನಸ್‌ಗೂ ಯೂನಿಟ್‌ನ ಕಪ್ಪು ವೈರಿಗೂ ನಡುವೆ 0.3. ಎರಡೂ ಕೂಡಿದರೆ 1.2. ಕಳೆದುಹೋದ ಲೆಕ್ಕ ಪೂರ್ತಿ ಸಿಕ್ಕಿತು. ಇದನ್ನು ವೋಲ್ಟೇಜ್ ಡ್ರಾಪ್ ಪರೀಕ್ಷೆ ಅನ್ನುತ್ತಾರೆ. ಕರೆಂಟ್ ಹರಿಯುತ್ತಿರುವಾಗಲೇ ಮಾಡಬೇಕು, ಅದೇ ಇದರ ಜೀವ.

ಇದರಲ್ಲಿ ರೆಗ್ಯುಲೇಟರ್‌ನ ತಪ್ಪೇನೂ ಇರಲಿಲ್ಲ. ನನ್ನ ಗಾಡಿಯಲ್ಲಿರುವ ಥರದ ಯೂನಿಟ್‌ಗೆ ಬ್ಯಾಟರಿಯ ವೋಲ್ಟೇಜ್ ನೋಡಲು ಬೇರೆ ವೈರ್ ಇಲ್ಲ. ತನ್ನ ಬಾಯಲ್ಲಿ ಎಷ್ಟಿದೆ ಅಷ್ಟೇ ಅದಕ್ಕೆ ಗೊತ್ತಾಗುವುದು. ಅಲ್ಲಿ 14.2 ಆದ ಕೂಡಲೇ ಸಾಕು ಅಂತ ತಡೆಯುತ್ತಿತ್ತು. ಅತ್ತ ಬ್ಯಾಟರಿ ಹಸಿದೇ ಇತ್ತು.

ಕೆಂಪು ವೈರನ್ನು ಹಿಡಿದುಕೊಂಡು ಹೋದೆ. ಸೈಡ್ ಪ್ಯಾನೆಲ್ ಒಳಗೆ, ಹಳೆಯ ಟೇಪ್ ಸುತ್ತಿದ್ದ ಕಡೆ ಒಂದು ಸಣ್ಣ ಕಪ್ಲರ್. ಟೇಪ್ ಬಿಡಿಸಿದಾಗ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದಾಗಿ, ಪಿನ್ನಿನ ಸುತ್ತ ಸ್ವಲ್ಪ ಕುಸಿದಿತ್ತು. ಎಳೆದರೆ ಬಿಗಿಯೇ ಇಲ್ಲದೆ ಬಂದುಬಿಟ್ಟಿತು. ಒಳಗಿನ ಹೆಣ್ಣು ಪಿನ್ ಸ್ಪ್ರಿಂಗ್ ಕಳೆದುಕೊಂಡು ಬಾಯಿ ಬಿಟ್ಟಿತ್ತು. ಮೇಲಿನ ಪದರ ಬೂದು ಬಣ್ಣಕ್ಕೆ ತಿರುಗಿತ್ತು. ವೈರಿನ ತುದಿ ಸುಲಿದು ನೋಡಿದರೆ ತಾಮ್ರ ಒಂದು ಇಂಚಿನವರೆಗೆ ಕಪ್ಪು.

ಲೆಕ್ಕ ಹಾಕಿ ನೋಡಿ. ಅದರಲ್ಲಿ ಹರಿಯುತ್ತಿದ್ದದ್ದು ಸುಮಾರು 8 ಆಂಪಿಯರ್ ಅಂದುಕೊಳ್ಳೋಣ. 0.9 ವೋಲ್ಟ್ ಗುಣಿಸು 8, ಏಳು ವ್ಯಾಟ್‌ಗೂ ಜಾಸ್ತಿ. ಬೆರಳ ತುದಿಯಷ್ಟು ಜಾಗದಲ್ಲಿ, ಗಾಳಿ ಆಡದ ಹಾಗೆ ಟೇಪ್ ಸುತ್ತಿದ ಕಡೆ, ಗಾಡಿ ಓಡಿದಷ್ಟು ಹೊತ್ತೂ ಏಳು ವ್ಯಾಟ್ ಬಿಸಿ. ಬಿಸಿಗೆ ಪಿನ್ ಸಡಿಲ ಆಗುತ್ತದೆ. ಸಡಿಲ ಆದಷ್ಟೂ ರೆಸಿಸ್ಟೆನ್ಸ್ ಏರುತ್ತದೆ. ಅದು ಏರಿದಷ್ಟೂ ಬಿಸಿ ಹೆಚ್ಚುತ್ತದೆ. ಇದು ತಾನಾಗಿ ಸರಿಹೋಗುವ ಕಾಯಿಲೆ ಅಲ್ಲ.

ಹೊಳೆಯುವ ತಾಮ್ರ ಸಿಗುವವರೆಗೂ ವೈರ್ ಕತ್ತರಿಸಿ, ಸ್ವಲ್ಪ ದಪ್ಪದ ಪಿನ್ನಿನ ಹೊಸ ಕಪ್ಲರ್ ಹಾಕಿದೆ. ಪಿನ್ನನ್ನು ವೈರಿನ ಮೇಲೆ ಕ್ರಿಂಪಿಂಗ್ ಟೂಲ್‌ನಲ್ಲೇ ಬಿಗಿಯಾಗಿ ಒತ್ತಿ ಕೂರಿಸಿದೆ. ಬೆಸುಗೆ ಹಾಕುವವರೂ ಇದ್ದಾರೆ, ಆದರೆ ಬೆಸುಗೆ ಮುಗಿಯುವ ಕಡೆ ವೈರು ಬಿರುಸಾಗಿ, ಗಾಡಿಯ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ. ಗಟ್ಟಿಯಾಗಿ ಒತ್ತಿದ ಕ್ರಿಂಪ್ ಮೇಲೆ ನನಗೆ ನಂಬಿಕೆ ಜಾಸ್ತಿ. ಮೈನಸ್ ಕಡೆಯ 0.3ಕ್ಕೆ ಕಾರಣ ಅರ್ತ್ ಬೋಲ್ಟ್, ಅಂದರೆ ಮೈನಸ್ ವೈರನ್ನು ಫ್ರೇಮಿಗೆ ಸೇರಿಸುವ ಬೋಲ್ಟ್. ಫ್ರೇಮಿನ ಪೇಂಟ್ ಮೇಲೇ ಕೂತಿತ್ತು, ಕೆಳಗೆ ತುಕ್ಕು ಹಿಡಿದಿತ್ತು. ಸ್ಯಾಂಡ್‌ಪೇಪರ್‌ನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಮತ್ತೆ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ 5000ಕ್ಕೆ ತಂದೆ. ಬ್ಯಾಟರಿ ಮೇಲೆ 14.0.

ಬ್ಯಾಟರಿಗೆ ಚಾರ್ಜ್ ಸರಿಹೋಯಿತು. ಹೆಡ್‌ಲೈಟ್ ಕೊಂಚ ಸುಧಾರಿಸಿತು, ಆದರೆ ಇನ್ನೂ ಹಳದಿಯಾಗೇ ಇತ್ತು. ಎರಡು ತೊಂದರೆ ಒಟ್ಟಿಗೆ ಕಾಣಿಸಿಕೊಂಡರೆ ಮೂಲ ಒಂದೇ ಇರಬೇಕು ಅಂತಿಲ್ಲ. ಇಲ್ಲಿ ಎರಡು ಇದ್ದವು.

ನನ್ನದು ಎಚ್4 ಹ್ಯಾಲೊಜೆನ್ ಬಲ್ಬ್, ಹೈ ಬೀಮ್ 60 ವ್ಯಾಟ್, ಲೋ ಬೀಮ್ 55. ಹೋಲ್ಡರ್ ಬಿಚ್ಚಿ ಅಳೆದರೆ 13.9 ವೋಲ್ಟ್ ಬರುತ್ತಿತ್ತು. ಅದೇ ಹೋಲ್ಡರನ್ನು ಬಲ್ಬಿಗೆ ಹಾಕಿ, ಬಲ್ಬ್ ಉರಿಯುತ್ತಿರುವಾಗ ಹಿಂದಿನಿಂದ ಕಡ್ಡಿ ತೂರಿಸಿ ಅಳೆದರೆ 11.9. ಬಲ್ಬ್ ಕರೆಂಟ್ ಎಳೆಯದೆ ಇದ್ದಾಗ ಸೋರುವುದು ಏನೂ ಇರುವುದಿಲ್ಲ, ಹಾಗಾಗಿ ಬಿಚ್ಚಿ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ಒಂದೇ ಎಳೆ ಉಳಿದಿರುವ ಹಗ್ಗ ಖಾಲಿ ಕೊಡವನ್ನು ಬಾವಿಯಿಂದ ಮೇಲೆ ಎತ್ತುತ್ತದೆ. ಗಟ್ಟಿತನ ಗೊತ್ತಾಗುವುದು ಕೊಡ ತುಂಬಿದಾಗ, ಅಲ್ವಾ?

14ರಲ್ಲಿ 2 ವೋಲ್ಟ್ ಹೋದರೆ ಏನು ಮಹಾ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬ್ ವಿಷಯದಲ್ಲಿ ಅದು ದೊಡ್ಡ ನಷ್ಟ. ಅದರ ಬೆಳಕು ವೋಲ್ಟೇಜ್‌ಗಿಂತ ಎಷ್ಟೋ ವೇಗವಾಗಿ ಇಳಿಯುತ್ತದೆ. ವೋಲ್ಟ್ ನೂರಕ್ಕೆ 10 ಕಮ್ಮಿ ಆದರೆ ಬೆಳಕು ಸುಮಾರು ನೂರಕ್ಕೆ 30 ಕಮ್ಮಿ. ನನ್ನ ಲೆಕ್ಕದಲ್ಲಿ ನೂರಕ್ಕೆ 40ರಷ್ಟು ಬೆಳಕು ರಸ್ತೆಗೆ ತಲುಪುತ್ತಲೇ ಇರಲಿಲ್ಲ. ಕತ್ತಲಲ್ಲಿ ಮುಂದಿನ ಹಳ್ಳ ಕಾಣುವುದಕ್ಕೂ ಕಾಣದಿರುವುದಕ್ಕೂ ಇಷ್ಟೇ ವ್ಯತ್ಯಾಸ ಸಾಕು.

ಮತ್ತೆ ಅದೇ ಡ್ರಾಪ್ ಪರೀಕ್ಷೆ, ಈ ಸಲ ಉದ್ದದ ವೈರ್ ಜೋಡಿಸಿಕೊಂಡು. ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ 1.4. ಬಲ್ಬಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ವರೆಗೆ 0.7. ಪ್ಲಸ್ ಕಡೆಯದು ಒಂದೇ ಕಡೆ ಇರಲಿಲ್ಲ. ಕೀ ಸ್ವಿಚ್‌ನಲ್ಲಿ ಸ್ವಲ್ಪ, ಹ್ಯಾಂಡಲ್ ಮೇಲೆ ಲೋ, ಹೈ ಬದಲಿಸುವ ಡಿಮ್ ಡಿಪ್ ಸ್ವಿಚ್‌ನಲ್ಲಿ ಜಾಸ್ತಿ, ಹೋಲ್ಡರ್ ಪಿನ್ನಿನಲ್ಲಿ ಸ್ವಲ್ಪ, ಉಳಿದದ್ದು ಸಣ್ಣ ವೈರಿನ ಉದ್ದಕ್ಕೂ. ಹೆಡ್‌ಲೈಟಿನ ಪೂರ್ತಿ ಕರೆಂಟ್ ಇಷ್ಟು ಸುತ್ತಿ ಬರುವ ವೈರಿಂಗ್‌ನಲ್ಲಿ ವಯಸ್ಸಾದ ಮೇಲೆ ಹೀಗಾಗುವುದು ಸಹಜ.

ಅರ್ತ್ ಕಡೆಯ 0.7 ಮಾತ್ರ ಒಂದೇ ಜಾಗದಲ್ಲಿ ಅಡಗಿತ್ತು. ಕಡ್ಡಿಯನ್ನು ಒಂದೊಂದೇ ಕಪ್ಲರ್‌ಗೆ ಸರಿಸುತ್ತಾ ಬಂದಾಗ ಸ್ಟೀರಿಂಗ್ ಹತ್ತಿರದ ವೈರ್ ಗೊಂಚಲಿನ ಆಚೆ 0.7, ಈಚೆ ಸೊನ್ನೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಆ ಗೊಂಚಲು ಮಡಚಿ ಬಿಚ್ಚುವ ಜಾಗ ಅದು. ಹೊರಗಿನ ಕಪ್ಪು ಸಿಪ್ಪೆಯಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಒಂದು ಕಡೆ ಮಾತ್ರ ವೈರು ಮೆತ್ತಗೆ ಬಗ್ಗುತ್ತಿತ್ತು, ಒಳಗೆ ತಾಮ್ರವೇ ಇಲ್ಲದ ಹಾಗೆ. ಸಿಪ್ಪೆ ಸೀಳಿದೆ. ಹಸಿರು ಪುಡಿ ಉದುರಿತು. ಎಳೆಗಳು ಹೆಚ್ಚಿನವು ಮುರಿದಿದ್ದವು, ಕೆಲವೇ ಕೆಲವು ಹಿಡಿದುಕೊಂಡಿದ್ದವು. ಕತ್ತರಿಸುವ ಮೊದಲು ಈ ವೈರನ್ನು ಮೀಟರಿನ ಬೀಪ್ ಗುರುತಿನಲ್ಲಿ ಇಟ್ಟು ನೋಡಿದ್ದೆ, ಜೋರಾಗಿ ಬೀಪ್ ಹೊಡೆದಿತ್ತು. ಹೊಡೆಯದೆ ಏನು? ನಾಲ್ಕೂವರೆ ಆಂಪಿಯರ್‌ಗೆ 0.7 ವೋಲ್ಟ್ ಅಂದರೆ 0.16 ಓಮ್. ಮೀಟರ್ ಕಡ್ಡಿಗಳದ್ದೇ 0.2 ಇದೆ. ಓಮ್ ಅಳೆಯುವ ಗುರುತಿನಲ್ಲಿ ಈ ರೋಗ ಕಾಣುವುದೇ ಇಲ್ಲ.

ಹಳೆ ಸ್ವಿಚ್‌ಗಳ ಮೇಲಿನ ಭಾರ ತೆಗೆಯಲು ರಿಲೇ ಹಾಕಿದೆ, ಅಂದರೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಲೋಗೆ ಒಂದು, ಹೈಗೆ ಒಂದು. ಬ್ಯಾಟರಿ ಪ್ಲಸ್‌ನಿಂದ, ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇಟ್ಟು, ದಪ್ಪ ವೈರ್ ರಿಲೇಗಳ 30 ನಂಬರ್ ಪಿನ್ನಿಗೆ. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆ ಲೋ ಮತ್ತು ಹೈ ವೈರುಗಳು ಆಯಾ ರಿಲೇಯ 86ಕ್ಕೆ, 85 ಅರ್ತ್‌ಗೆ. ಈಗ ಹ್ಯಾಂಡಲ್ ಸ್ವಿಚ್ ಹೊರಬೇಕಾದದ್ದು ರಿಲೇ ಕಾಯಿಲಿನ ಸಣ್ಣ ಕರೆಂಟ್ ಮಾತ್ರ, ಒಂದು ಆಂಪಿಯರ್‌ನ ಕಾಲು ಭಾಗಕ್ಕೂ ಕಮ್ಮಿ. ಕೀ ಆಫ್ ಮಾಡಿದರೆ ಹೆಡ್‌ಲೈಟೂ ಆಫ್, ಯಾಕೆಂದರೆ ರಿಲೇಗೆ ಅಪ್ಪಣೆ ಕೊಡುವುದು ಇನ್ನೂ ಹಳೆಯ ಸ್ವಿಚ್ಚೇ. ಬಲ್ಬಿನ ಅರ್ತ್‌ಗೂ ಹೊಸ ವೈರ್ ಎಳೆದು ನೇರ ಬ್ಯಾಟರಿ ಮೈನಸ್‌ಗೆ ತಂದೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆಗೆ. ಅಂಥದ್ದರಲ್ಲಿ ಹೀಗೇ ಜೋಡಿಸಿದರೆ ಆಗುವುದಿಲ್ಲ, ಮೊದಲು ವೈರಿಂಗ್ ನಕ್ಷೆ ನೋಡಿಕೊಳ್ಳಿ. ಉರಿಯುತ್ತಿರುವ ಬಲ್ಬಿನ ಮೇಲೆ ಈಗ 13.7 ವೋಲ್ಟ್. ಬೆಳಕು ಬೆಳ್ಳಗಾಯಿತು. ಬಲ್ಬ್ ಅದೇ ಹಳೆಯದು.

ಇದೇ ಜಾಗದಲ್ಲಿ ಕೆಲವರು 100/90 ವ್ಯಾಟ್ ಬಲ್ಬ್ ಹಾಕುತ್ತಾರೆ. ದಯವಿಟ್ಟು ಬೇಡ. ಮೊದಲಿನ ಒಂದೂವರೆ ಪಟ್ಟಿಗೂ ಜಾಸ್ತಿ ಕರೆಂಟ್ ಅದಕ್ಕೇ ಹೋಗುತ್ತದೆ, ಸೋರುವ ವೈರಿಂಗ್ ಇನ್ನೂ ಜಾಸ್ತಿ ಸೋರುತ್ತದೆ, ಹೋಲ್ಡರ್ ಕರಗುತ್ತದೆ. ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಲಿ ಮುಟ್ಟಬಾರದು ಅನ್ನುವುದೂ ನೆನಪಿರಲಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹಾಳಾಗಿ ಬಲ್ಬ್ ಬೇಗ ಹೋಗುತ್ತದೆ.

ನಿಂತಾಗ ಬ್ಯಾಟರಿ ಇಳಿಯುತ್ತಿದೆಯೇ ಅಂತಲೂ ಒಂದು ಸಲ ನೋಡಿದೆ. ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರ್‌ನಲ್ಲಿ ಇಟ್ಟೆ. ಒಂದೆರಡು ಮಿಲಿಆಂಪಿಯರ್, ಗಡಿಯಾರದ್ದು. ತೊಂದರೆ ಇಲ್ಲ. ಈ ಪರೀಕ್ಷೆ ಇಂಜಿನ್ ಆಫ್ ಇದ್ದಾಗ ಮಾತ್ರ. ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿ ವೈರ್ ಬಿಚ್ಚಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ರೆಗ್ಯುಲೇಟರ್, ಇಸಿಯು (ಇಂಜಿನ್ ನಡೆಸುವ ಸಣ್ಣ ಕಂಪ್ಯೂಟರ್) ಎರಡನ್ನೂ ಸುಡಬಹುದು.

ಮೀಟರ್ ಕೈಯಲ್ಲಿದ್ದಾಗಲೇ ಅಣ್ಣನ ಗಾಡಿಯನ್ನೂ ನೋಡಿದೆ. ಅದರದ್ದು ಉಲ್ಟಾ ಕಥೆ. ಬೆಳಕು ಭರ್ಜರಿ, ಆದರೆ ಬಲ್ಬ್ ನಿಲ್ಲುತ್ತಲೇ ಇರಲಿಲ್ಲ. "ಬಲ್ಬೇ ಡೂಪ್ಲಿಕೇಟ್ ಕಣೋ" ಅಂತಿದ್ದ ಅಣ್ಣ. "ತಾಳು ಅಣ್ಣ, ರೇಸ್ ಕೊಡು ನೋಡೋಣ" ಅಂದೆ. ರೇಸ್ ಏರಿಸಿದ ಹಾಗೆ ಮೀಟರ್ 15 ದಾಟಿ 16ಕ್ಕೆ ಹೋಯಿತು. ಬ್ಯಾಟರಿಯ ಮೈ ಉಬ್ಬಿತ್ತು, ಹುಳಿ ವಾಸನೆ ಬರುತ್ತಿತ್ತು. ಕಪ್ಲರ್, ಅರ್ತ್ ಎರಡೂ ಶುದ್ಧವಾಗಿದ್ದವು. ವೋಲ್ಟೇಜನ್ನು ಹಿಡಿಯುವ ಕೆಲಸವನ್ನು ರೆಗ್ಯುಲೇಟರ್ ಬಿಟ್ಟಿತ್ತು. ಅದಕ್ಕೆ ಯೂನಿಟ್ಟೇ ಬದಲಿಸಬೇಕಾಯಿತು, ಜೊತೆಗೆ ಬ್ಯಾಟರಿಯೂ.

ನನ್ನ ಗಾಡಿಯಲ್ಲಿ ಉಳಿದ ಒಂದು ಕೆಲಸ ಬೆಳಕಿನ ಮಟ್ಟ. ಮಂಕಾಗಿದ್ದಾಗ ದೂರ ಕಾಣಲಿ ಅಂತ ಹೆಡ್‌ಲೈಟನ್ನು ಮೇಲಕ್ಕೆ ಎತ್ತಿ ಇಟ್ಟಿದ್ದೆ. ಪೂರ್ತಿ ಬೆಳಕು ಬಂದ ಮೇಲೂ ಹಾಗೇ ಬಿಟ್ಟರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಟೈರಿನ ಗಾಳಿ ಸರಿ ಮಾಡಿ, ಸಮನಾದ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ತೆಗೆದು ಮೇಲೆ ಕೂತೆ. ಹೆಡ್‌ಲೈಟಿನ ನಡುಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಗುರುತು ಹಾಕಿತ್ತು. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಐದರಿಂದ ಏಳು ಸೆಂಟಿಮೀಟರ್ ಕೆಳಗೆ ಬರುವವರೆಗೆ ಸ್ಕ್ರೂ ತಿರುಗಿಸಿ ಬಿಗಿ ಮಾಡಿದೆ.